ಬೂಟುಗಾಲಿನಡಿಯ ಕಂಬಳಿ ಚಿತ್ರ

ಶ್ರೀರಾಂಪುರದಿಂದ ಇನ್ನೂ ಮೊದಲ ಬಸ್ಸು ಹೊರಟಿಲ್ಲ. ಊರಾಚೆಯ ಹೆಂಚಿನ ಮನೆಯ ಅಂಗಳದಲ್ಲಿ ಅರವತ್ತೆಂಟರ ನೆಲ್ ಹೂಕ್ಸ್ಟ್ರಾ ಕುಕ್ಕರಗಾಲಲ್ಲಿ ಕೂತು, ಹುರಿದು ಸಿಪ್ಪೆ ತೆಗೆದು ನೆನೆಸಿದ ಹುಣಸೆ ಬೀಜವನ್ನು ಒರಳಲ್ಲಿ ರುಬ್ಬುತ್ತಿದ್ದಾರೆ. ಆ ರಭಸ ನೋಡಿದರೆ ಒರಳಿನ ಮೇಲೇ ಸಿಟ್ಟಿರಬೇಕು ಅನ್ನಿಸುತ್ತದೆ. "ಬರ್ರಿ, ಕುಂತ್ಕಳ್ರಿ. ಇವತ್ತು ನನ್ನ ಬಾಯಲ್ಲಿ ಒಳ್ಳೆ ಮಾತು ಬರಲ್ಲ, ಮೊದ್ಲೇ ಹೇಳ್ತೀನಿ" ಎನ್ನುತ್ತಾರೆ. ಊರಿಗೆ ಅವರು ನೆಲ್ಲಮ್ಮ.

ನೆದರ್‌ಲ್ಯಾಂಡ್ಸಿನ ಕಡಲಂಚಿನ ಹಳ್ಳಿಯವರು. ಅಪ್ಪ ಸಮುದ್ರದ ಒಡ್ಡಿನ ಮೇಲೆ ಕುರಿ ಮೇಯಿಸುತ್ತಿದ್ದರು. ಮಗಳು ಚಿತ್ರಕಲೆ ಕಲಿತು, ಮನುಷ್ಯರಾಗಲಿ ಮರವಾಗಲಿ ಇಲ್ಲದ, ಬರೀ ಪಟ್ಟೆ ಮತ್ತು ಗೆರೆಗಳ ಅಮೂರ್ತ ಚಿತ್ರ ಬರೆದರು. ಅಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಚಂದ್ರವಳ್ಳಿಯ ಗುಹೆ ನೋಡಲು ಬಂದವರು, ಸಂತೆಯಲ್ಲಿ ಈ ಊರಿನ ನೇಕಾರ ಮಾರಣ್ಣ ನೇಯ್ದ ಕರಿ ಕಂಬಳಿ ಕಂಡು ಅವರ ಮನೆವರೆಗೂ ಬೆನ್ನುಹತ್ತಿ ಬಂದರು. ಇಲ್ಲೇ ಉಳಿದರು.

ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವುದನ್ನು ಮಾರಣ್ಣನ ಹೆಂಡತಿ ಬರಗೇರಮ್ಮ ಕಲಿಸಿದರು. ಅದೇ ಗಂಜಿಗೆ ಕೆಮ್ಮಣ್ಣು, ಮಸಿ, ಸುಣ್ಣ ಕಲಸಿ ನೆಲ್ಲಮ್ಮ ಕಂಬಳಿಯ ಮೇಲೆ ಬಳಿಯುತ್ತಾರೆ. ದಿನಕ್ಕೆ ಒಂದು ಸೇರು ಬೀಜ, ಎಂಟು ತಾಸು ದುಡಿಮೆ. ಮುಗಿಯುವುದು ಎರಡು ಬೆರಳಗಲ. ಈವರೆಗೆ ಅರವತ್ತೊಂದು ಚಿತ್ರ. ಚಿತ್ರದುರ್ಗದಲ್ಲಿ ಒಂದೇ ಒಂದು ಪ್ರದರ್ಶನ ಆಗಿಲ್ಲ. ಪ್ರದರ್ಶನ ನಡೆಸುವವರನ್ನು ಕೇಳಲು ಹೋದರೆ "ಇದ್ರಾಗೆ ಕೋಟೆ ಎಲ್ಲೈತೆ?" ಅಂದರಂತೆ.

ಹೋದ ತಿಂಗಳು ಹೆದ್ದಾರಿ ಬದಿಯ ಹೊಸ ಹೋಟೆಲೊಂದರ ಮಾಲೀಕರು, ಗೋಡೆಗೆ ಹಾಕುತ್ತೇವೆಂದು ಹದಿನಾಲ್ಕು ಅಡಿಯ ಚಿತ್ರವನ್ನು ಕೇಳಿ, ದುಡ್ಡು ಆಮೇಲೆ ಎಂದು ಒಯ್ದರು. ನೋಡಿಬರೋಣವೆಂದು ನೆಲ್ಲಮ್ಮ, ಬರಗೇರಮ್ಮ ಬಸ್ಸು ಹತ್ತಿ ಹೋದರೆ ಚಿತ್ರ ನೆಲದ ಮೇಲಿದೆ! ಕೆಂಪು ಗೆರೆಯನ್ನು ಜನ ಬೂಟುಗಾಲಲ್ಲಿ ತುಳಿಯುತ್ತಿದ್ದಾರೆ, ಸೂಟ್‌ಕೇಸ್ ಎಳೆಯುತ್ತಿದ್ದಾರೆ. "ಹೂವಿಲ್ಲ, ನವಿಲಿಲ್ಲ. ಕಾರ್ಪೆಟ್ ಅಂದ್ಕಂಡ್ವಿ ಮೇಡಂ" ಎಂದು ಮ್ಯಾನೇಜರ್ ಹಲ್ಲು ಕಿರಿದ. ನಾಲ್ಕು ತಿಂಗಳ ಬೆವರನ್ನು ಕಾಲೊರಸು ಮಾಡಿದವನಿಗೆ ನಗು ಬೇರೆ! ವಾಪಸ್ ಕೊಡು ಎಂದರೆ, ಮಾಲೀಕರು ಬರಲಿ ಅಂದ.

"ಕಂಬಳಿ ನಮ್ಮ ದೇವ್ರ ಗದ್ದಿಗೆ ಕಣಪ್ಪ. ಬೂಟಲ್ಲಿ ತುಳಿಯಾಕೆ ನೇಯ್ತಾರೇನು?" ಎಂದ ಬರಗೇರಮ್ಮ ಚಪ್ಪಲಿ ಬಿಟ್ಟು ಹೋಗಿ ಅದರ ನಟ್ಟನಡುವೆ ಕೂತುಬಿಟ್ಟರು. ಪಕ್ಕದಲ್ಲಿ ನೆಲ್ಲಮ್ಮ. ಮ್ಯಾನೇಜರ್ ಪೊಲೀಸರನ್ನು ಕರೆಸಿದ. ಬಂದ ಕಾನ್‌ಸ್ಟೇಬಲ್ ಕನಕರಾಜ್ ಕುರಿ ಸಾಕುವ ಮನೆತನದವರು. ಇಬ್ಬರನ್ನೂ ಎಬ್ಬಿಸಲು ದಾಪುಗಾಲಲ್ಲಿ ಬಂದವರು ಕಂಬಳಿಯ ಅಂಚಿಗೆ ಬಂದು ನಿಂತರು. ಬಗ್ಗಿ ಬೂಟಿನ ಲಾಡಿ ಬಿಚ್ಚಿದರು. ಬರಿಗಾಲಲ್ಲಿ ಒಳಬಂದು "ಏಳ್ರಮ್ಮ, ಸುತ್ತಾಣ" ಅಂದರು. ಮೂವರೂ ಸುತ್ತಿ ಹೊತ್ತು ತಂದರು.

ಎಂಟು ದಿನದಿಂದ ನೆಲ್ಲಮ್ಮ ಕಿತ್ತುಹೋದ ಕೆಂಪು ಗೆರೆಗೆ ಮತ್ತೆ ಗಂಜಿ ಹಚ್ಚುತ್ತಿದ್ದಾರೆ. ಗಾಜು ಹಾಕಿಸಿ ಗೋಡೆಗೇ ಹಾಕುತ್ತೇವೆಂದು ಹೋಟೆಲಿನಿಂದ ದಿನಾ ಫೋನು. "ಬೆಳ್ಳಿ ಕಟ್ಟು ಹಾಕಿಸಿದ್ರೂ ಕೊಡಲ್ಲ" ಎಂದು ಅವರು ಗುಡುಗುತ್ತಾರೆ. "ಇದು ಸರಿಹೋದ ಮೇಲೆ ಕನಕರಾಜ್ ಮನೆಗೆ. ಹತ್ತೊಂಬತ್ತು ವರ್ಷದಲ್ಲಿ ನನ್ನ ಚಿತ್ರಕ್ಕೆ ಬೂಟು ಬಿಚ್ಚಿದೋರು ಅವರೊಬ್ರೇ."

ಪಕ್ಕದಲ್ಲಿ ನೂಲು ಬಿಡಿಸುತ್ತಿದ್ದ ಬರಗೇರಮ್ಮ ಸುಮ್ಮನಿರುವವರಲ್ಲ. "ಆತ ಬಿಚ್ಚಿದ್ದು ಕಂಬಳಿಗೆ ಕಣೆ, ನಿನ್ನ ಗೆರೆಗಲ್ಲ."

ನೆಲ್ಲಮ್ಮ ರುಬ್ಬುವ ಕೈ ನಿಲ್ಲಿಸುವುದಿಲ್ಲ. "ಗೊತ್ತೈತೆ ಬಿಡಕ್ಕ. ಮಿಕ್ಕೋರು ಎರಡಕ್ಕೂ ಬಿಚ್ಚಲಿಲ್ಲ."