ಕೊರಳ ಮೇಲೆ ಬಿಟ್ಟ ಜೇಡ

ತೊಂಬತ್ತರ ದಶಕದ ಆ ವರ್ಷ ಮಳೆ ನಿಂತ ಮೇಲೆ, ಕಮಲಾಪುರದ ಆತ್ಯಾನ, ಅಂದರೆ ಅಪ್ಪನ ತಂಗಿಯ, ಹಿತ್ತಲಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಬೆಳಿಗ್ಗೆ ಹೋದರೆ ಹುಲ್ಲಿನ ಮೇಲೆ ಕರವಸ್ತ್ರ ಒಣಹಾಕಿದ ಹಾಗೆ ಬಲೆಗಳು, ಮಂಜಿಗೆ ಬೆಳ್ಳಗಾಗಿ. ಪ್ರತಿ ಬಲೆಯ ಒಂದು ಅಂಚು ಲಾಳಿಕೆಯಂತೆ ಬುಡಕ್ಕೆ ಇಳಿದಿರುತ್ತಿತ್ತು. ಅದರ ಬಾಯಲ್ಲಿ ತೋಳ ಜೇಡ. ಇದರ ದಾಯಾದಿಗಳು ಬಹುತೇಕ ಬಲೆಯಿಲ್ಲದೆ ಓಡಾಡಿ ಬೇಟೆಯಾಡುತ್ತವೆ. ಇದು ಬಲೆ ನೇಯ್ದೂ ಓಡುವುದನ್ನು ಬಿಟ್ಟಿಲ್ಲ. ಹೆಣ್ಣು ಮೊಟ್ಟೆಗಳ ಬಿಳಿ ಗುಂಡನ್ನು ಹಿಂಬದಿಗೆ ಅಂಟಿಸಿಕೊಂಡು ತಿರುಗುತ್ತದೆ, ಮರಿಗಳು ಹೊರಬಂದರೆ ಅಷ್ಟನ್ನೂ ಬೆನ್ನ ಮೇಲೆ ಹೊರುತ್ತದೆ.

ಇದೆಲ್ಲ ನಾನು ಓದಿಕೊಂಡಿದ್ದು ವಾದಕ್ಕೆ ಬೇಕಾಗಿ.

ಅಣ್ಣನ ಹೆಂಡತಿ, ನನ್ನ ವೈನಿ, ಕಲಬುರಗಿಯಲ್ಲಿ ಬಿ.ಎಡ್. ಪರೀಕ್ಷೆಗೆ ಓದುತ್ತಿದ್ದರು. ಅದು ಮುಗಿಯುವವರೆಗೆ ಅವರ ಕೂಸು ಆತ್ಯಾನ ಹತ್ತಿರ ಎಂದು ಮಾತಾಗಿತ್ತು. ಆತ್ಯಾ ಒಬ್ಬಳೇ ಇರುವಾಕೆ. ಕೂಸು ಬಂದ ಮೇಲೆ ಆಕೆಯ ದನಿ ರಸ್ತೆಗೆ ಕೇಳತೊಡಗಿತ್ತು. ಒಂದು ಭಾನುವಾರ ವೈನಿ, ನಾನು ಹೋದಾಗ ಕೂಸಿನ ಕೊರಳಲ್ಲಿ ಕೆಂಪು ಗೀರು, ಅದರ ತುಂಬ ನೀರ್ಗುಳ್ಳೆ.

“ಜ್ಯಾಡ ಉಚ್ಚಿ ಹೊಯ್ದದ,” ಎಂದರು ವೈನಿ. “ಹಿತ್ತಲ ತುಂಬ ಅವೇ ಅವ. ಕೂಸಿಗಿ ಇವತ್ತೇ ಕರ್ಕೊಂಡು ಹೋಗ್ತೀನಿ.”

ಆತ್ಯಾ ಕೂಸನ್ನು ಸೊಂಟದಿಂದ ಇಳಿಸಲಿಲ್ಲ.

ನನಗೆ ಕುಂತಲ್ಲಿ ಕೂಡಲಾಗಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದವನು ನಾನು. “ಜ್ಯಾಡ ಹೊಯ್ಯೂದು ನೀವು ನೋಡೀರೇನು ವೈನಿ?”

“ಹೊಯ್ಯದೇ ಇರೂದು ನೀವು ನೋಡೀರೇನ್ರಿ ಭಾವೋಜಿ?”

ಇದಕ್ಕೆ ಏನನ್ನಬೇಕೆಂದು ಕಪ್ ಕೊಟ್ಟವರು ಹೇಳಿಕೊಟ್ಟಿರಲಿಲ್ಲ. ಮುಸ್ಸಂಜೆ ಲೋಟದಲ್ಲಿ ಒಂದು ಜೇಡ ಹಿಡಿದು ತಂದು, ಪಡಸಾಲೆಯ ಬಲ್ಬಿನ ಕೆಳಗೆ ಎಲ್ಲರೂ ನೋಡುವಂತೆ ನನ್ನ ಕೊರಳ ಮೇಲೆ ಬಿಟ್ಟುಕೊಂಡೆ. ಅದು ಭುಜಕ್ಕಿಳಿದು, ಜಿಗಿದು ಓಡಿತು. ನಾನು ಬಲ್ಬಿನ ಹುಳಗಳನ್ನು ಕೊರಳಿಂದ ಒರೆಸಿಕೊಳ್ಳುತ್ತ ಭಾಷಣ ಮುಂದುವರಿಸಿದೆ: ಎರಡು ದಿನ ಕಾಯಿರಿ, ಏನೂ ಆಗದಿದ್ದರೆ ಕೂಸು ವಾಪಸ್ ಬರಬೇಕು.

“ಆಯ್ತು. ಅಲ್ಲೀತನ ನನ್ನ ಹತ್ರ ಇರ್ತದ,” ಎಂದು ವೈನಿ ಕೂಸಿನೊಂದಿಗೆ ಬಸ್ ಹತ್ತಿದರು.

ಎರಡನೆಯ ಬೆಳಿಗ್ಗೆ ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಕೊರಳು ಉರಿಯುತ್ತ ಎದ್ದೆ. ಕನ್ನಡಿಯಲ್ಲಿ ಅದೇ ಗೀರು.

ವೈನಿ ನಗಲಿಲ್ಲ. “ಮುಗೀತಲ್ಲ,” ಎಂದರು, ಅಷ್ಟೇ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಒಳಗೂ ಹೊರಗೂ ತಿರುಗಿ, ಕಾಲರ್ ಎತ್ತಿ, ಮತ್ತೆ ಕನ್ನಡಿ ನೋಡಿ, ಕೊನೆಗೆ ಕಾಲೋನಿಯ ಡಾಕ್ಟರ ಮುಂದೆ ಕುಳಿತೆ.

“ಲೈಟಿನ ಬುಡಕ ಕುಂತಿದ್ದಿ ಏನು?” ಎಂದರು ಅವರು. “ಕೆಂಪು-ಕರಿ ಸಣ್ಣ ಹುಳ ಇರ್ತದ. ಕಡ್ಯಂಗಿಲ್ಲ. ಮೈಮ್ಯಾಲ ತಿಕ್ಕಿದ್ರ ಅದರ ರಸಕ್ಕ ಹಿಂಗ ಸುಡ್ತದ.”

ಭಾಷಣದ ನಡುವೆ ತಿಕ್ಕಿದ್ದೆನಲ್ಲ. ಮುಲಾಮು ಕೊಳ್ಳುವುದನ್ನೂ ಮರೆತು ಮನೆಗೆ ಓಡಿದೆ.

“ಹಂಗಾದ್ರ ಜ್ಯಾಡ ಸುಳ್ಳು, ಹುಳ ಖರೇ,” ಎಂದರು ವೈನಿ. “ಆ ಹುಳ ಈ ಊರಾಗ ಇಲ್ಲೇನು?”

ಕೇಳಿದ ಮೇಲೆ ತಾವೇ ತಲೆಯೆತ್ತಿದರು. ರಾತ್ರಿ ಓದಲೆಂದು ಹಾಕಿಸಿದ ಟ್ಯೂಬ್‌ಲೈಟಿನ ಪಟ್ಟಿಯ ತುಂಬ ಹುಳ ಸತ್ತು ಬಿದ್ದಿದ್ದವು. ಅದರ ನೇರ ಕೆಳಗೆ ಕೂಸಿನ ಹಾಸಿಗೆ. ಪರೀಕ್ಷೆ ಮುಗಿಯುವವರೆಗೆ ಆ ಲೈಟು ಆರಿಸುವಂತಿರಲಿಲ್ಲ.

ಮುಂದಿನ ಭಾನುವಾರ ವೈನಿಯೇ ಕೂಸನ್ನೆತ್ತಿಕೊಂಡು ನನ್ನೊಡನೆ ಕಮಲಾಪುರದ ಬಸ್ ಹತ್ತಿದರು. ಹೋಗಿ ನೋಡಿದರೆ ಹಿತ್ತಲು ಬೋಳು. ಆತ್ಯಾ ಹುಲ್ಲನ್ನೆಲ್ಲ ಕೊಯ್ದು ಪಕ್ಕದ ಮನೆಯ ಎಮ್ಮೆಗೆ ಹಾಕಿಬಿಟ್ಟಿದ್ದಳು.

“ಆತ್ಯಾ, ಜ್ಯಾಡದ್ದೇನೂ ತಪ್ಪಿದ್ದಿಲ್ಲ, ಬಲ್ಬಿಗಿ ಬರೂ ಹುಳದ್ದು. ಸುಮ್ನ ಕೊಯ್ದಿ.”

“ಇರ್ಲಿ ಬಿಡೋ. ಕೂಸು ಬರ್ಲಿ ಅಂತ ಕೊಯ್ದೆ, ಬಂತು.” ಆಗಲೇ ಅದು ಆಕೆಯ ಸೊಂಟದ ಮೇಲಿತ್ತು.

ಆಕೆಯ ಲೆಕ್ಕದಲ್ಲಿ ಕೂಸನ್ನು ತಂದದ್ದು ಕುಡುಗೋಲು, ನನ್ನ ವಾದವಲ್ಲ. ಕತ್ತಲಾಗುತ್ತಲೇ ಚಡಪಡಿಸಿ ಬ್ಯಾಟರಿ ಹಿಡಿದು ಹಿತ್ತಲಿಗೆ ಹೋದೆ. ಕೂಳೆಯ ನಡುವೆ ಎರಡು ಚುಕ್ಕಿ ಮಿನುಗಿದವು: ಜೇಡದ ಕಣ್ಣು. ಬಲೆಯಿರಲಿಲ್ಲ. ಬಿಳಿ ಗುಂಡು ಮಾತ್ರ ಬೆನ್ನ ಹಿಂದೆ ಹಾಗೇ ಅಂಟಿತ್ತು.

“ಬ್ಯಾಟರಿ ಆರ್ಸಿ ಒಳಗ ಬಾ,” ಕತ್ತಲ ಪಡಸಾಲೆಯಿಂದ ಆತ್ಯಾ ಕೂಗಿದಳು. “ಹುಳ ಬರ್ತಾವ.”