ಬೆಳಗಿನ ಹ್ಯಾಂಡೋವರ್

ನನಗೆ ಡಚ್ ಭಾಷೆ ಬರುವುದಿಲ್ಲ. ಆದರೂ ವರ್ಷದಿಂದ ಹೆಂಡತಿಯ ಡಚ್ ಮೇಷ್ಟ್ರು ನಾನೇ ಆಗಿದ್ದೆ. ಅವಳು ದುಬೈಯ ಆಸ್ಪತ್ರೆಯೊಂದರಲ್ಲಿ ನರ್ಸ್. ಹಾಲೆಂಡಿನಲ್ಲಿ ಕೆಲಸ ಸಿಗಬೇಕಾದರೆ ಭಾಷೆಯ ಪರೀಕ್ಷೆ ಪಾಸಾಗಬೇಕಿತ್ತು. ಇಲ್ಲಿ ಕೆಲಸ ಹೋದರೆ ವೀಸಾವೂ ಹೋಗುತ್ತದೆ, ಅಲ್ಲಾದರೆ ಮುದುಕರಾಗುವವರೆಗೂ ಇರಬಹುದು ಎಂಬ ಲೆಕ್ಕಾಚಾರ ನನ್ನದು. ಉಡುಪಿಯ ನೆಂಟರಿಗೂ ಅಲ್ ನಹ್ದಾದ ನಮ್ಮ ಕಟ್ಟಡದವರಿಗೂ ನಾವು ಹಾಲೆಂಡಿಗೆ ಹೋಗುವ ಸುದ್ದಿ ಮುಟ್ಟಿಸಿಯಾಗಿತ್ತು.

ನೈಟ್ ಡ್ಯೂಟಿ ಮುಗಿಸಿದವಳನ್ನು ಬೆಳಿಗ್ಗೆ ಕಾರಿನಲ್ಲಿ ಕರೆತರುವಾಗ ಪಾಠ. ಫೋನಿನ ಆ್ಯಪ್ ಒಂದು ಡಚ್ ಕ್ರಿಯಾಪದ ಹೇಳುತ್ತದೆ, ಅವಳು ಇಂಗ್ಲಿಷ್ ಅರ್ಥಗಳನ್ನು ಹೇಳಬೇಕು. ಸರಿಯೋ ತಪ್ಪೋ ಎಂದು ಆ್ಯಪೇ ತೀರ್ಪು ಕೊಡುವುದರಿಂದ, ಅವಳನ್ನು ಎಚ್ಚರವಾಗಿಡುವುದಷ್ಟೇ ಮೇಷ್ಟ್ರ ಕೆಲಸ.

ಪರೀಕ್ಷೆಯ ವಾರ ಒಂದು ಬೆಳಿಗ್ಗೆ ಆ್ಯಪ್ ‘ಔಟ್‌ಪುಟೆನ್’ ಅಂದಿತು.

‘ಎಕ್ಸಾಸ್ಟ್,’ ಅಂದಳು, ಕಣ್ಣು ಮುಚ್ಚಿಕೊಂಡೇ.

‘ಇನ್ನೂ ಉಂಟಲ್ಲ?’

‘ಡಿಪ್ಲೀಟ್. ಡ್ರೇನ್. ವೇರ್ ಔಟ್.’

ನನ್ನ ತಲೆಹರಟೆ ಶುರುವಾಯಿತು. ಕನ್ನಡದಲ್ಲಿ ಸುಸ್ತು ಅಂದರೆ ಸಾಲದು, ಸುಸ್ತು ಒಂದು ನಿದ್ದೆಗೆ ಹೋಗುತ್ತದೆ, ಇದು ಬಾವಿಯ ನೀರನ್ನು ತಳ ಕಾಣುವ ತನಕ ಸೇದಿ ಖಾಲಿ ಮಾಡುವ ಶಬ್ದ ಎಂದೆಲ್ಲ ಕೊರೆದೆ. ಒಂದು ವಾಕ್ಯ ಮಾಡು ನೋಡುವ, ಎಂದೆ.

ಡ್ಯೂಟಿ ಬದಲಾಗುವಾಗ ನರ್ಸುಗಳು ಪೇಷಂಟಿನ ಸ್ಥಿತಿಯನ್ನು ಮುಂದಿನವರಿಗೆ ಹೇಳಿ ಒಪ್ಪಿಸುವುದಕ್ಕೆ ಹ್ಯಾಂಡೋವರ್ ಎನ್ನುತ್ತಾರೆ. ಆಗ ದನಿಯಲ್ಲಿ ಏರಿಳಿತ ಇರುವುದಿಲ್ಲ. ಅವಳು ಆ ದನಿಯಲ್ಲಿ ಶುರು ಮಾಡಿದಳು.

‘ಪೇಷಂಟ್ ಹೆಂಗಸು. ನಲವತ್ತು ದಾಟಿದೆ. ನಿದ್ದೆ ಸರಿ ಇಲ್ಲ. ಊಟ ನಿಂತ್ಕೊಂಡೇ. ಓದಿದ್ದು ತಲೆಗೆ ಹೋಗುದಿಲ್ಲ. ಮೊನ್ನೆ ಒಬ್ಬರ ಇಂಜೆಕ್ಷನ್ ಇನ್ನೊಬ್ಬರ ಬೆಡ್ಡಿಗೆ ತಕ್ಕೊಂಡು ಹೋಗಿದ್ದಾಳೆ. ಕೊಡುವ ಮೊದಲು ಗೊತ್ತಾಯ್ತು. ಹಾಲೆಂಡಿಗೆ ಹೋಗ್ಲಿಕ್ಕೆ ಮನಸ್ಸಿಲ್ಲ. ಗಂಡನಿಗೆ ಹೇಳ್ಲಿಲ್ಲ.’

ಮುಂದಿನ ಕಾರು ಸರಿದದ್ದು ಹಿಂದಿನವನು ಹಾರ್ನ್ ಹೊಡೆದ ಮೇಲೆಯೇ ನನಗೆ ಕಂಡಿತು.

‘ಇಷ್ಟು ದಿನ ಯಾಕೆ ಹೇಳ್ಲಿಲ್ಲ?’

‘ನೀವು ಖುಷಿಯಲ್ಲಿ ಇದ್ರಿ.’

ನನಗೆ ಸಿಟ್ಟು ಬಂತು. ಊರಿನವರಿಗೆಲ್ಲ ಇನ್ನು ಏನೆಂದು ಹೇಳುವುದು ಎಂಬುದೇ ಮೊದಲು ಹೊಳೆದದ್ದು, ಮನುಷ್ಯನ ಬುದ್ಧಿ. ಆ ಇಂಜೆಕ್ಷನ್ನಿನ ವಿಷಯ ಎದೆಗೆ ಇಳಿಯಲು ಒಂದು ಸಿಗ್ನಲ್ಲಿನಷ್ಟು ಹೊತ್ತು ಬೇಕಾಯಿತು. ಆ್ಯಪ್ ಮುಂದಿನ ಕ್ರಿಯಾಪದ ಹೇಳುತ್ತಿತ್ತು. ಅದನ್ನು ಬಂದ್ ಮಾಡಿದೆ.

‘ಪರೀಕ್ಷೆ ಬೇಡ,’ ಎಂದೆ. ‘ಖಲಾಸ್.’

ಅವಳು ಕಣ್ಣು ತೆರೆದು ನನ್ನ ಮುಖ ನೋಡಿದಳು. ಎದುರಿನವರಿಗೆ ಎಲ್ಲ ಅರ್ಥವಾಗಿದೆಯೇ ಎಂದು ಕೇಳದೆ ನರ್ಸುಗಳು ವಾರ್ಡ್ ಬಿಟ್ಟು ಹೋಗುವುದಿಲ್ಲವಂತೆ.

‘ಹ್ಯಾಂಡೋವರ್ ತಕ್ಕೊಂಡ್ರಾ?’

‘ತಕ್ಕೊಂಡೆ.’

ಮನೆ ತಲುಪುವಷ್ಟರಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಎಬ್ಬಿಸಲಿಲ್ಲ. ಇವತ್ತು ಬರುವುದಿಲ್ಲ ಎಂದು ಆಫೀಸಿಗೆ ಮೆಸೇಜು ಹಾಕಿ, ಎ.ಸಿ. ಆರಿಸದೆ, ಪಾರ್ಕಿಂಗಿನಲ್ಲೇ ಅವಳ ಪಕ್ಕ ಕುಳಿತಿದ್ದೆ.