ಖಂಡಿತ ಬರ್ತೀವಿ ಆಂಟಿ!

ದೊಡ್ಡ ಪಾತ್ರೆ ತುಂಬ ಕಡಲೆಕಾಳಿನ ಉಸಲಿ ಮಾಡಿ, ಗೊಂಬೆಗಳ ಮುಂದೆ ದೀಪ ಹಚ್ಚಿ, ತಟ್ಟೆಯಲ್ಲಿ ಅರಿಶಿನ ಕುಂಕುಮ ಹೂವು ಜೋಡಿಸಿ, ಬಾಗಿಲು ಅಗಲಕ್ಕೆ ತೆರೆದು ಕೂತಿದ್ದೆವು. ಬಂದದ್ದು ಎದುರುಮನೆಯ ಬೆಕ್ಕು.

ಅದೂ ಒಂದು ಸಲ ಇಣುಕಿ ನೋಡಿ ವಾಪಸ್ಸು ಹೋಯಿತು.

“ಅಷ್ಟೇನಾ ನಿಮ್ ಇಂಟರ್ನೆಟ್ಟು?” ಅಂದರು ನಮ್ಮತ್ತೆ, ಜಗಲಿಯ ಮೇಲೆ ಕೂತಲ್ಲಿಂದಲೇ.

ಇದು ಕಳೆದ ವಾರ, ಸರಸ್ವತಿ ಪೂಜೆಯ ಸಂಜೆ, ಮೈಸೂರಿನ ಕೆಸರೆಯ ನಮ್ಮ ಮನೆಯಲ್ಲಿ ನಡೆದದ್ದು. ಸ್ವಲ್ಪ ಹಿಂದಿನಿಂದ ಹೇಳಿದರೆ ಸರಿ.

ನನ್ನ ವಾರಗಿತ್ತಿ ಶೈಲ (ಅಂದರೆ ನನ್ನ ಮೈದುನನ ಹೆಂಡತಿ) ಪಟ್ಟದ ಗೊಂಬೆಗಳಿಗೆ ಸೀರೆ ಉಡಿಸುತ್ತಾಳೆ. ಮದುವೆಯಲ್ಲಿ ಹೆಣ್ಣಿಗೆ ತವರಿನವರು ಕೊಡುವ ಮರದ ರಾಜ ರಾಣಿ ಜೋಡಿ ಇದೆಯಲ್ಲ, ಅವು. ರಾಣಿಗೆ ಪುಟ್ಟ ಪುಟ್ಟ ನೆರಿಗೆ, ರಾಜನಿಗೆ ಜರಿಪೇಟ, ಇಬ್ಬರಿಗೂ ಮಣಿಸರ. ಅವಳ ಕೈಯಲ್ಲಿ ಆ ಮರದ ತುಂಡುಗಳು ಇನ್ನೇನು ಕಾಫಿ ಕೇಳುತ್ತವೆ ಅನ್ನಿಸಬೇಕು. ತವರಿನಿಂದ ತಂದ ಹೊಲಿಗೆ ಮೆಶಿನ್ನನ್ನು ರಸ್ತೆ ಕಡೆಯ ಮುಂದಿನ ರೂಮಿನಲ್ಲಿ ಇಟ್ಟುಕೊಂಡಿದ್ದಾಳೆ. ನಮ್ಮದು ಒಂದೇ ಅಡುಗೆಮನೆಯ ಕೂಡು ಸಂಸಾರ. ಮದುವೆಯಾಗಿ ಬಂದ ಮೇಲೆ ಶೈಲ ‘ಇದು ನಂದು’ ಅಂತ ಬಾಗಿಲು ಮುಂದೆ ಮಾಡಿಕೊಂಡು ಕೂರಲು ಸಿಕ್ಕ ಮೊದಲ ಜಾಗ ಅದು. (ನನಗೆ ಆ ಸುಖ ಬೆಳಗಿನ ಲಿಂಗಪೂಜೆಯ ಹೊತ್ತಿನಲ್ಲಿ ಮಾತ್ರ. ಅಷ್ಟಾದರೂ ಇದೆಯಲ್ಲ, ಶಿವನ ದಯೆ.)

ಆದರೆ ಅತ್ತೆಯ ಕಣ್ಣು ಆ ರೂಮಿನ ಮೇಲೆ. ಔಷಧಿ ಕಂಪನಿಯ ಹುಡುಗನೊಬ್ಬ ಬಾಡಿಗೆಗೆ ಕೇಳಿಕೊಂಡು ಹೋಗಿದ್ದ.

“ಈ ದಸರಾ ನೋಡ್ತೀನಿ ಶೈಲ. ಜನ ಬಂದು ಮಾಡ್ಕೊಡಮ್ಮ ಅಂತ ಕೇಳಿದ್ರೆ ಸರಿ. ಇಲ್ದಿದ್ರೆ ರೂಮು ಆ ಹುಡುಗನಿಗೆ. ಗೊಂಬೆಗೆ ಸೀರೆ ಉಡ್ಸೋಕೆ ಒಂದು ರೂಮು ಬೇಕಾ? ನಾನು ಮಕ್ಕಳನ್ನ ಸಾಕಿದ್ದೇ ನಡುಮನೆ ಮೂಲೇಲಿ” ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಆಗ ಕಾಲೇಜಿಗೆ ಹೋಗುವ ನನ್ನ ಮಗಳು ಕಾವ್ಯ ಮುಂದೆ ಬಂದಳು. “ಚಿಕ್ಕಮ್ಮ, ಟ್ಯಾಲೆಂಟ್ ಇದ್ರೆ ಸಾಲ್ದು. ನೆಟ್‌ವರ್ಕಿಂಗ್ ಮಾಡ್ಬೇಕು!”

ಈಗ ಮಕ್ಕಳೆಲ್ಲ ಮುಗಿಬಿದ್ದಿರುವ ಆ ಸ್ನೇಹಿತರ ವೆಬ್‌ಸೈಟು ನಿಮಗೂ ಗೊತ್ತಿರಬೇಕು. (ಹೆಸರು ಬರೆದರೆ ಪುಕ್ಕಟೆ ಜಾಹೀರಾತಾಗುತ್ತದೆ, ಬೇಡ.) ಫ್ರೆಂಡ್ ಆಗ್ತೀರಾ ಅಂತ ಒಬ್ಬರು ಕೇಳುವುದು, ಆಗ್ತೀನಿ ಅಂತ ಇನ್ನೊಬ್ಬರು ಒತ್ತುವುದು. ಆಯಿತು, ಸ್ನೇಹ. ನಾವು ಒಂದು ಸ್ನೇಹ ಮಾಡಿಕೊಳ್ಳಬೇಕಾದರೆ ಎಷ್ಟು ಸಲ ಹುಳಿ ಸಾರು ಅದಲುಬದಲಾಗಬೇಕಿತ್ತು!

ನನ್ನ ಯಜಮಾನರೂ ಅದರಲ್ಲಿದ್ದಾರೆ. ಅವರ ಹಳೆಯ ಸಹಪಾಠಿಯೊಬ್ಬರು ಎಷ್ಟೋ ವರ್ಷದ ಮೇಲೆ ಅಲ್ಲಿ ಸಿಕ್ಕಿ ‘ಹಾಯ್’ ಅಂದರಂತೆ. ಇವರಿಗೆ ಕಣ್ಣಲ್ಲಿ ನೀರು. ಎರಡನೆಯ ಮಾತಿಗೆ ಮಂಡಕಳ್ಳಿ ಏರ್‌ಪೋರ್ಟ್ ಹತ್ತಿರ ಒಳ್ಳೆ ಸೈಟಿದೆ ಅಂದರಂತೆ. ಇವರ ಕಣ್ಣು ಕೂಡಲೇ ಒಣಗಿತು. ಇನ್ನೊಬ್ಬರು ವಿಮೆ ಏಜೆಂಟರು. ದಿನಾ ಬೆಳಿಗ್ಗೆ ಎಲ್ಲರಿಗೂ ಗುಲಾಬಿ ಹೂವಿನ ಚಿತ್ರ ಕಳಿಸಿ ಶುಭೋದಯ ಹೇಳುತ್ತಾರಂತೆ. ಸ್ವಂತ ಹೆಂಡತಿಗೆ ಒಂದು ಮೊಳ ಮಲ್ಲಿಗೆ ತಂದುಕೊಟ್ಟದ್ದನ್ನು ನಾವ್ಯಾರೂ ಕಂಡಿಲ್ಲ. ಇರಲಿ, ದೇವರು ಅವರವರ ವ್ಯಾಪಾರಕ್ಕೆ ಅವರವರ ದಾರಿ ಕೊಟ್ಟಿರುತ್ತಾನೆ.

ಕಾವ್ಯ ಗೆಳತಿಯ ಕ್ಯಾಮೆರಾ ತಂದು ಶೈಲಳ ಗೊಂಬೆಗಳ ಫೋಟೋ ತೆಗೆದಳು. ಸೈಬರ್ ಕೆಫೆಗೆ ಹೋಗಿ ಚಿಕ್ಕಮ್ಮನ ಹೆಸರಿನಲ್ಲಿ ಪುಟ ತೆರೆದಳು. ತನ್ನ ಸ್ನೇಹಿತರು, ಅವರ ಸ್ನೇಹಿತರು, ನಮ್ಮ ಬೀದಿಯ ಹುಡುಗಿಯರು, ಸೊಸೆಯರು, ಯಾರನ್ನೂ ಬಿಡದೆ ಸೇರಿಸಿದಳು. ಹೊಗಳಿಕೆ ಸುರಿಯಿತು. “ಸೂಪರ್ ಆಂಟಿ!” “ಸೋ ಕ್ಯೂಟ್!” “ರಾಣಿ ನಿಮ್ಮ ಥರಾನೇ ಇದಾಳೆ!”

ಕೊನೆಯದನ್ನು ಓದಿದ ಮೇಲೆ ಶೈಲ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ. ಸಾರಿಗೆ ಒಗ್ಗರಣೆ ಹಾಕುತ್ತ “ಅಕ್ಕ, ಇವತ್ತು ಎಷ್ಟು ಜನ ಫ್ಯಾನ್ಸ್ ಆಗಿರಬಹುದು?” ಅನ್ನುವಳು. ಗೇಟಿನ ಹತ್ತಿರ ನಿಂತು ಮಾತಾಡುವ ಅಭ್ಯಾಸವೇ ತಪ್ಪಿಹೋಯಿತು. ಸಮಯವೆಲ್ಲಿ? ಸಂಜೆಯಾದರೆ ಚಿಕ್ಕಮ್ಮ ಮಗಳು ಸೈಬರ್ ಕೆಫೆಗೆ ಹೊರಟುಬಿಡುತ್ತಿದ್ದರು.

ಗೊಂಬೆ ನೋಡಲು, ಅರಿಶಿನ ಕುಂಕುಮಕ್ಕೆ ಬನ್ನಿ ಎಂಬ ಕರೆಯೂ ಆ ಪುಟದಲ್ಲೇ ಹೋಯಿತು. “ಒಂದೇ ಸಲಕ್ಕೆ ಎಲ್ಲರಿಗೂ ಹೇಳಿದ್ಹಾಗಾಯ್ತಮ್ಮ” ಅಂದಳು ಕಾವ್ಯ. ಮನೆಮನೆ ಸುತ್ತುವ ಕಾಲುನೋವು ತಪ್ಪಿತಲ್ಲ ಎಂದು ನಾನೂ ಶಿವನಿಗೆ ಕೈಮುಗಿದೆ. ಉತ್ತರಗಳು ಸಾಲುಗಟ್ಟಿ ಬಂದವು. “ಖಂಡಿತ ಬರ್ತೀವಿ ಆಂಟಿ!” ಅದನ್ನು ನಂಬಿಯೇ ದೊಡ್ಡ ಪಾತ್ರೆ ಅಟ್ಟದಿಂದ ಇಳಿದದ್ದು.

ಆಮೇಲೆ ಬೆಕ್ಕು ಬಂದದ್ದು.

ಹೊತ್ತು ಮುಳುಗಿತು. ದೀಪಕ್ಕೆ ಮತ್ತೊಮ್ಮೆ ಎಣ್ಣೆ ಹಾಕಿದೆ. ಅಷ್ಟರಲ್ಲಿ ಕಾಂಪೌಂಡಿನ ಆಚೆ ಪಕ್ಕದ ಮನೆಯ ರಾಜಮ್ಮ ಕಂಡರು. ತಂತಿಯ ಮೇಲಿನ ಒಣಗಿದ ಬಟ್ಟೆ ಎತ್ತುತ್ತಿದ್ದರು. ಮೈಮೇಲೆ ರೇಷ್ಮೆ ಸೀರೆ. ಮುಡಿಯಲ್ಲಿ ದಂಡೆ ಹೂವು. ರೇಷ್ಮೆ ಸೀರೆ ಉಟ್ಟುಕೊಂಡು ಟವೆಲ್ಲು ಮಡಿಸುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

“ಆಂಟಿ, ಬನ್ನಿ! ಗೊಂಬೆ ನೋಡ್ಬನ್ನಿ!” ಕಾವ್ಯ ಇಲ್ಲಿಂದಲೇ ಕೂಗಿದಳು.

“ಓ, ನಿಮ್ಮನೇಲಿ ಇವತ್ತು ಕುಂಕುಮ ಇಟ್ಕೊಂಡಿದೀರಾ? ನಂಗೊತ್ತೇ ಇಲ್ಲ ಕಣಮ್ಮ!”

“ನಿಮ್ಮ ಸೊಸೆ ಖಂಡಿತ ಬರ್ತೀವಿ ಅಂತ ಬರ್ದಿದ್ರಲ್ಲ ಆಂಟಿ?”

ರಾಜಮ್ಮ ಟವೆಲ್ಲನ್ನು ಕೊಡವಿದರು. “ಅವ್ಳು ಏನಾದ್ರೂ ಬರ್ಕೊಳ್ಳಿ. ಮನೆಗೆ ಬಂದು ಕುಂಕುಮ ಇಟ್ಟು ಕರೀದೆ ಯಾರ ಮನೆಗಾದ್ರೂ ಎಂಗೆ ನುಗ್ಗೋದು? ನಮಗೇನು ಮಾನ ಮರ್ಯಾದೆ ಇಲ್ವಾ?”

ಗಮನಿಸಿ, ಈ ರಾಜಮ್ಮ ಬೆಳಗಾದರೆ ಕರಿಬೇವು ಕೀಳಲು ಯಾರನ್ನೂ ಕೇಳದೆ ನಮ್ಮ ಹಿತ್ತಲಿಗೇ ನುಗ್ಗುವವರು. ಆದರೆ ಹಬ್ಬದ ಕುಂಕುಮಕ್ಕೆ ಬೇರೆ ಲೆಕ್ಕ. ಕರೆಯುವವರು ಕುಂಕುಮದ ಬಟ್ಟಲು ಹಿಡಿದು ಮನೆಗೇ ಹೋಗಬೇಕು. ಯಜಮಾನಿಯ ಹಣೆಗೆ ಇಟ್ಟು, ಸಂಜೆ ಬನ್ನಿ ಅನ್ನಬೇಕು. ಹಾಗೆ ಕರೆಯದಿದ್ದರೆ ಕರೆದಂತೆಯೇ ಅಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾವು ಮೂರು ಜನ ಹೆಂಗಸರು ಇದನ್ನು ಹೇಗೆ ಮರೆತೆವೋ, ಆ ಸರಸ್ವತಿಗೇ ಗೊತ್ತು.

ಶೈಲ ಎದ್ದಳು. ಮುಂದಿನ ರೂಮಿಗೆ ಹೋದಳು. ಹಿಂದೆಯೇ ನಾನೂ ಹೋದೆ. ಜರಿ ತುಂಡುಗಳನ್ನೆಲ್ಲ ಒಂದು ಚೀಲಕ್ಕೆ ತುಂಬುತ್ತಿದ್ದಳು.

“ಅಕ್ಕ, ಮೆಶಿನ್ನು ಅಟ್ಟಕ್ಕೆ ಹಾಕಿಸ್ಬುಡಿ. ಆ ಹುಡುಗನಿಗೆ ಬಾ ಅಂತ ಹೇಳ್ಲಿ ಅತ್ತೆ.”

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಮಂಡಿನೋವೆಂದು ಮಧ್ಯಾಹ್ನದಿಂದ ಜಗಲಿ ಬಿಟ್ಟು ಏಳದಿದ್ದ ಅತ್ತೆ!

“ಏನು ಅಳ್ತಾ ನಿಂತಿದೀಯ? ರೂಮಿನ ವಿಷ್ಯ ಆಮೇಲೆ ನೋಡಾಣ. ದೀಪ ಹಚ್ಚಿರೋ ಮನೆಗೆ ಒಬ್ಬ ಹೆಣ್ಮಗಳು ಬರ್ಲಿಲ್ಲ ಅಂದ್ರೆ ಹೋಗೋದು ನನ್ ಮರ್ಯಾದೆ ಕಣೇ, ನಿಂದಲ್ಲ. ಮುಖ ತೊಳ್ಕೊ. ಕುಂಕುಮದ ಬಟ್ಲು ತಗೋ, ನಡಿ.” ನಡುಮನೆಯಲ್ಲಿ ಕೂತಿದ್ದ ಮಾವನವರ ಕಡೆ ತಿರುಗಿ, “ರೀ, ಬಾಗ್ಲು ನೋಡ್ಕೊಳಿ. ಬೆಕ್ಕು ಬಂದಾತು” ಅಂದರು.

ಹೊರಟೆವು. ಮುಂದೆ ಅತ್ತೆ, ಬಟ್ಟಲು ಹಿಡಿದ ಶೈಲ, ಹಿಂದೆ ನಾನು, ಕಾವ್ಯ. ಮೊದಲು ರಾಜಮ್ಮನ ಮನೆ. ಹಣೆಗೆ ಕುಂಕುಮ ತಾಗಿತೋ ಇಲ್ಲವೋ, “ಅಯ್ಯೋ, ಇಷ್ಟಕ್ಕೆಲ್ಲ ಬರ್ಬೇಕಿತ್ತಾ?” ಎಂದು ಚಪ್ಪಲಿ ಮೆಟ್ಟಿಯೇಬಿಟ್ಟರು. ಅದರಾಚೆ ನಿವೃತ್ತ ಸ್ಕೂಲ್ ಮೇಡಂ ಮನೆ. ಅವರೂ ರೇಷ್ಮೆ ಸೀರೆಯಲ್ಲೇ ಟಿವಿ ನೋಡುತ್ತಿದ್ದರು. ಎದುರಿನ ಸಾಲಿನಲ್ಲಿ ಅತ್ತೆ ಸೊಸೆ ಇಬ್ಬರೂ ಸಿಂಗರಿಸಿಕೊಂಡು ಸೋಫಾ ಮೇಲೆ ಸುಮ್ಮನೆ ಕೂತಿದ್ದರು.

“ಮಗಳು ಕಂಪ್ಯೂಟ್ರಲ್ಲಿ ಫೋಟೋ ತೋರ್ಸಿದ್ಲು ಕಣಮ್ಮ. ರಾಣಿ ನೆರಿಗೆ ಏನು ಚೆಂದ! ಯಾವಾಗ ಕರೀತಾರೋ ಅಂತ ಬೆಳಗಿಂದ ಕಾಯ್ತಾ ಇದೀನಿ.” ಒಂದು ಮನೆಯಲ್ಲಲ್ಲ, ಹೋದ ಕಡೆಯಲ್ಲೆಲ್ಲ ಇದೇ ಮಾತು.

“ಅಮ್ಮ, ಎಲ್ರೂ ಫೋಟೋ ನೋಡಿದಾರೆ!” ಕಾವ್ಯಳಿಗೆ ಹಿಗ್ಗು.

“ನೋಡಿದಾರೆ ಮಗಳೇ. ಎದ್ದು ಬಂದದ್ದು ಈಗ” ಅಂದೆ.

ನಿಜ ಹೇಳಬೇಕು. ಅಷ್ಟು ಮನೆಗಳಿಗೆ ಶೈಲಳ ಕೈಕೆಲಸವನ್ನು ಮುಟ್ಟಿಸಿದ್ದು ಆ ವೆಬ್‌ಸೈಟೇ. ನಾವು ವರ್ಷವಿಡೀ ತಿರುಗಿದ್ದರೂ ಅದು ಆಗುತ್ತಿರಲಿಲ್ಲ. ಆದರೆ ಗೊಂಬೆ ನೋಡಿ ಬೆರಗಾದವರು ಹೊಸ್ತಿಲು ದಾಟಬೇಕಾದರೆ ಒಬ್ಬರು ಬಂದು ಹಣೆ ಮುಟ್ಟಬೇಕಾಯಿತು. ಬಟನ್ ಒತ್ತಿ ಬರ್ತೀವಿ ಅಂದ ಹುಡುಗಿಯರನ್ನು ಬೈಯುವಂತೆಯೂ ಇಲ್ಲ. ಸೀರೆ ಉಟ್ಟು ಬರಬೇಕಾದ ಅವರ ಅಮ್ಮಂದಿರನ್ನು ಕೇಳಿದವರು ಯಾರು?

ಆಮೇಲೆ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಉಸಲಿ ಸಾಲದೆ ಅವಲಕ್ಕಿ ಒಗ್ಗರಣೆ ಹಾಕಿದೆ. (ಮನೆಯಲ್ಲಿ ಅವಲಕ್ಕಿ ಇತ್ತು, ಕರೆಂಟೂ ಹೋಗಲಿಲ್ಲ. ಒಂದೇ ಸಂಜೆಗೆ ಇಷ್ಟು ಕೃಪೆ ಸಾಕು.) ರಾಜಮ್ಮನ ಜೊತೆ ಉದಯಗಿರಿಯಿಂದ ಅವರ ತಂಗಿ ಬಂದಿದ್ದರು. ಮಾತು ಕಡಿಮೆ. ರಾಣಿಯ ಸೆರಗನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಶೈಲಳ ಕೈ ಹಿಡಿದುಕೊಂಡರು.

“ಕಾರ್ತಿಕದಲ್ಲಿ ನನ್ ಮಗಳ ಮದ್ವೆ. ಇಂಥದ್ದೇ ಒಂದ್ ಜೊತೆ ಮಾಡ್ಕೊಟ್ಬುಡಿ.”

ಮೇಡಂ ತಮ್ಮ ಅಜ್ಜಿಯ ಕಾಲದ ಗೊಂಬೆಗಳನ್ನು ತರುತ್ತೇನೆಂದರು, ಅವುಗಳ ಸೀರೆ ಇಲಿ ಕಡಿದಿದೆಯಂತೆ. ಇನ್ನಿಬ್ಬರು ಶೈಲಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. ಅತ್ತೆ ಎಲೆ ಅಡಿಕೆ ಕೊಡುತ್ತ ಎಲ್ಲವನ್ನೂ ಕೇಳಿಸಿಕೊಂಡರು.

ಮರುದಿನ ಕಾವ್ಯ ‘ಬಂದವರಿಗೆಲ್ಲ ಥ್ಯಾಂಕ್ಸ್’ ಎಂದು ಪುಟದಲ್ಲಿ ಹಾಕಿದಳು. ಬಾರದವರಿಂದಲೇ ಉತ್ತರ ಹೆಚ್ಚು: “ಛೇ, ಮಿಸ್ ಮಾಡ್ಕೊಂಡ್ವಿ ಆಂಟಿ!”

ವಿಜಯದಶಮಿ ಕಳೆದ ಬೆಳಿಗ್ಗೆ ಔಷಧಿ ಕಂಪನಿಯ ಹುಡುಗ ಬಂದ. ಒಳಗೆ ಶೈಲ ಮೆಶಿನ್ನಿನ ಸದ್ದು ನಿಲ್ಲಿಸಿದಳು. ನಾನು ಅಡುಗೆಮನೆಯಲ್ಲಿ ಸೌಟು ಕೆಳಗಿಟ್ಟೆ.

“ರೂಮು ಖಾಲಿ ಇಲ್ಲ ಕಣಪ್ಪ” ಅಂದರು ಅತ್ತೆ.

“ಬೇರೆಯವ್ರಿಗೆ ಕೊಟ್ಬುಟ್ರಾ ಅಮ್ಮ?”

“ಹೂಂ. ರಾಜ ರಾಣಿ ಇದಾರೆ.”

ಅಡ್ವಾನ್ಸ್ ಕೊಡದ ಬಾಡಿಗೆದಾರರ ಬಗ್ಗೆ ನಮ್ಮತ್ತೆ ಇಷ್ಟು ಮರ್ಯಾದೆಯಿಂದ ಮಾತಾಡಿದ್ದನ್ನು ನಾನು ಕೇಳಿದ್ದು ಇದೇ ಮೊದಲು.